ಸ್ಟಾರ್ಟಪ್ ಧೈರ್ಯಕ್ಕೆ ಗ್ಯಾರಂಟಿ ಸಹಿ ಹಾಕುವವರು ಯಾರು?

2014ರ ಒಂದು ಮಧ್ಯಾಹ್ನ ತಿಪಟೂರಿನ ಬ್ಯಾಂಕೊಂದರಲ್ಲಿ ಕೂತು ನಮ್ಮಪ್ಪ ನನ್ನ ಕಂಪನಿಯ ಸಾಲದ ಕಾಗದಕ್ಕೆ ಸಹಿ ಹಾಕಿದರು. ಕಾಗದ ಇಂಗ್ಲಿಷಿನಲ್ಲಿತ್ತು, ಸಹಿ ಕನ್ನಡದಲ್ಲಿ. ಹದಿನಾಲ್ಕೋ ಹದಿನೈದೋ ಪುಟ, ಪ್ರತಿ ಪುಟದ ಕೆಳಗೂ ಒಂದೊಂದು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ, "ಎಲ್ಲೆಲ್ಲಿ ಹಾಕ್ಬೇಕೋ ತೋರ್ಸು" ಅಂದರು. ತೋರಿಸಿದೆ. ಅದರಲ್ಲಿ ಏನು ಬರೆದಿದೆ ಅಂತ ಅವರು ಕೇಳಲಿಲ್ಲ. ಇಂಜಿನಿಯರಿಂಗ್ ಓದಿದ್ದ ನಾನೂ ಓದಿರಲಿಲ್ಲ.

ಈಗ ವಾರಕ್ಕೊಬ್ಬರಾದರೂ ಮೆಸೇಜು ಮಾಡ್ತಾರೆ. "ಅಣ್ಣಾ, ಕ್ಯಾಂಪಸ್‌ನಲ್ಲಿ ಕೆಲಸ ಆಗಿದೆ, ವರ್ಷಕ್ಕೆ ಮೂರೂವರೆ ಲಕ್ಷ. ಫ್ರೆಂಡ್ಸೆಲ್ಲ ಸೇರಿ ಸ್ಟಾರ್ಟಪ್ ಮಾಡೋಣ ಅಂತಿದಾರೆ. ಏನ್ ಮಾಡ್ಲಿ?" ಇದಕ್ಕೆ ವೇದಿಕೆ ಮೇಲಿನವರ ಉತ್ತರ ಸಿದ್ಧವಾಗಿರುತ್ತದೆ: ರಿಸ್ಕ್ ತಗೋ, ಸೋಲಿಗೆ ಹೆದರಬೇಡ, ಕಂಫರ್ಟ್ ಝೋನ್ ಬಿಡು. ನನ್ನದು ಉತ್ತರವಲ್ಲ, ಒಂದು ಪ್ರಶ್ನೆ. ನೀನು ಸೋತರೆ ದುಡ್ಡು ಕಟ್ಟೋರು ಯಾರು?

ಧೈರ್ಯ ಎಂಬುದು ಒಬ್ಬನ ಗುಣ ಅಂತ ನಾವು ಮಾತಾಡುತ್ತೇವೆ. ಸ್ಟಾರ್ಟಪ್ ವಿಷಯದಲ್ಲಿ ಅದು ಬಹುಪಾಲು ಒಂದು ಮನೆಯ ಆಸ್ತಿ. ಯಾವ ಮನೆಯಲ್ಲಿದೆ, ಯಾವ ಮನೆಯಲ್ಲಿಲ್ಲ, ಯಾಕಿಲ್ಲ ಎನ್ನುವುದು ಶುದ್ಧ ರಾಜಕೀಯದ ಪ್ರಶ್ನೆ.

ನಮ್ಮ ಕಂಪನಿಯ ಕಥೆ

ಮೂವರು ಗೆಳೆಯರು. ಎರಡು ವರ್ಷ ಐಟಿ ಕೆಲಸ ಮಾಡಿ ಬಿಟ್ಟು ಬಂದಿದ್ದೆವು. ಖಾಸಗಿ ಶಾಲೆಗಳ ವ್ಯಾನಿಗೆ ಜಿಪಿಎಸ್ ಹಾಕಿ, ಮಗು ಎಲ್ಲಿದೆ ಅಂತ ಅಪ್ಪ-ಅಮ್ಮನ ಮೊಬೈಲಿಗೆ ತಿಳಿಸುವುದು ನಮ್ಮ ಐಡಿಯಾ. ವ್ಯಾನೊಂದಕ್ಕೆ ತಿಂಗಳಿಗೆ 250 ರೂ. ಸಾಲದ 3 ಲಕ್ಷದಲ್ಲಿ 60 ವ್ಯಾನಿಗಾಗುವಷ್ಟು ಸಾಧನ ಕೊಂಡೆವು. ಅಂದರೆ ಎಲ್ಲ ಶಾಲೆಗಳೂ ಸಮಯಕ್ಕೆ ಸರಿಯಾಗಿ ಕೊಟ್ಟರೂ ತಿಂಗಳಿಗೆ ಬರುತ್ತಿದ್ದದ್ದು 15,000 ರೂ. ಸಾಲದ ಕಂತೇ ಹತ್ತು ಸಾವಿರದ ಮೇಲಿತ್ತು. ಸಿಮ್ ಖರ್ಚು 3,000, ಸಾಧನ ಕೂರಿಸುವ ಹುಡುಗನಿಗೆ 8,000. 400 ವ್ಯಾನ್ ಆದ ಮೇಲೆ ಎಲ್ಲ ಸರಿಹೋಗುತ್ತೆ ಅಂತ ಎಕ್ಸೆಲ್ ಶೀಟು ಹೇಳುತ್ತಿತ್ತು. ವ್ಯಾನು 60 ದಾಟಲೇ ಇಲ್ಲ. ಶಾಲೆಗಳು ಐದಾರು ತಿಂಗಳ ಬಾಕಿ ಉಳಿಸಿಕೊಂಡವು. ಇಬ್ಬರು ಬಿಟೆಕ್‌ಗಳು, ಒಬ್ಬ ಎಂಸಿಎ ಸೇರಿ ಈ ಕೂಡು-ಕಳೆ ಲೆಕ್ಕ ಒಪ್ಪಿಕೊಳ್ಳೋಕೆ ಒಂದೂವರೆ ವರ್ಷ ತೆಗೆದುಕೊಂಡೆವು. 2016ರಲ್ಲಿ ಬಾಗಿಲು ಹಾಕಿದೆವು.

ಈ ಸೋಲಿನ ಬಗ್ಗೆ ನನಗೆ ಬೇಜಾರಿಲ್ಲ. ಐಡಿಯಾ ಸೋಲುವುದು ಸಹಜ. ನಾನು ಇವತ್ತಿಗೂ ಯೋಚಿಸುವುದು ಬೇರೆ ವಿಷಯ. ಒಂದೇ ಕಂಪನಿ, ಒಂದೇ ದಿನ ಮುಚ್ಚಿದ್ದು. ಆದರೆ ಮೂವರೂ ಕೊಟ್ಟ ಬೆಲೆ ಬೇರೆ ಬೇರೆ.

ಬೆಂಗಳೂರಿನ ಗೆಳೆಯನ ಮನೆಯವರಿಗೆ ಬಾಡಿಗೆ ಬರುವ ಮೂರು ಅಂತಸ್ತಿನ ಕಟ್ಟಡವಿತ್ತು. ಅವನು ವಿದೇಶಕ್ಕೆ ಓದಲು ಹೋದ. ಅರ್ಜಿಯಲ್ಲಿ 'ಸಹ ಸಂಸ್ಥಾಪಕ' ಅಂತ ಬರೆದುಕೊಂಡ, ಅದು ಕೆಲಸಕ್ಕೂ ಬಂತು. ಹಾಸನದ ಗೆಳೆಯ ಹಳೆಯ ಕಂಪನಿಗೇ ಹಳೆಯ ಸಂಬಳಕ್ಕೆ ವಾಪಸ್ ಹೋದ, ಜೊತೆಯವರಿಗಿಂತ ಎರಡೂವರೆ ವರ್ಷ ಹಿಂದೆ. ನಾನು ಪತ್ರಿಕೋದ್ಯಮಕ್ಕೆ ಬಂದೆ, ಆರಂಭದ ಸಂಬಳ 13,000 ರೂ. ಬ್ಯಾಂಕಿನ ಬಾಕಿ 2 ಲಕ್ಷ 30 ಸಾವಿರ ಅಪ್ಪನ ಹೆಸರಿಗೆ ಬಂತು. ಅದನ್ನು ತಿಂಗಳಿಗೆ 9,000ದಂತೆ 30 ತಿಂಗಳು ಕಟ್ಟಿದವಳು ನಮ್ಮಕ್ಕ, ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಬಸ್ಸಿಳಿದು ಶಾಲೆಗೆ ದಿನಾ ಎರಡು ಕಿಲೋಮೀಟರ್ ನಡೆಯುತ್ತಿದ್ದಳು. ಆ ವರ್ಷ ಸ್ಕೂಟಿ ತಗೋಬೇಕು ಅಂತಿದ್ದಳು. ಅದು ಎರಡೂವರೆ ವರ್ಷ ಮುಂದೆ ಹೋಯಿತು.

ಎರಡು ಸಲ ನೆಟ್ಟಗಿನ ದಾರಿ ಬಿಟ್ಟು ಹೋದವನು ನಾನು. ಎರಡು ಸಲವೂ ಬಂಡವಾಳ ಹಾಕಿದವಳು ಅವಳು.

'ಲಿಮಿಟೆಡ್' ಅಂದರೆ ಎಲ್ಲಿಯವರೆಗೆ?

ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ಆ 'ಲಿಮಿಟೆಡ್' ಪದಕ್ಕೆ ಒಂದು ಅರ್ಥ ಇದೆ. ಕಂಪನಿ ಮುಳುಗಿದರೆ ಷೇರುದಾರರು ಕಳೆದುಕೊಳ್ಳುವುದು ಹಾಕಿದ ಬಂಡವಾಳವನ್ನು ಮಾತ್ರ, ಕಂಪನಿಯ ಸಾಲಕ್ಕೆ ಅವರ ಮನೆ, ಸೈಟಿಗೆ ಕೈ ಹಾಕುವಂತಿಲ್ಲ. ಉದ್ಯಮದ ರಿಸ್ಕ್ ತಗೊಳ್ಳೋಕೆ ಜನರಿಗೆ ಧೈರ್ಯ ಬರಲಿ ಅಂತಲೇ ಕಾನೂನು ಕಟ್ಟಿದ ಗೋಡೆ ಅದು.

ಆದರೆ ಗ್ಯಾರಂಟಿ ಕಾಗದಕ್ಕೆ ಸಹಿ ಬಿದ್ದ ಕ್ಷಣ ಆ ಗೋಡೆಗೆ ಬಾಗಿಲು ಕೊರೆದಂತೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಸಮ. 'ಮೊದಲು ಕಂಪನಿಯನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ' ಅನ್ನುವಂತಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ ಮಾತ್ರಕ್ಕೆ ಗ್ಯಾರಂಟಿ ಕೊಟ್ಟವರು ಪಾರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ದೊಡ್ಡ ದೊಡ್ಡ ಉದ್ಯಮಿಗಳ ವಿಚಾರದಲ್ಲಿ ಬಂದ ತೀರ್ಪು ಅದು, ನ್ಯಾಯವಾದದ್ದೇ. ಆದರೆ ತತ್ವ ನಿವೃತ್ತ ಮೆಕ್ಯಾನಿಕ್‌ಗೂ ಅದೇ.

ಇಲ್ಲಿ ನನಗೆ ತಡವಾಗಿ ಅರ್ಥವಾದ ಒಂದು ಸಂಗತಿಯಿದೆ. ಬೆಂಗಳೂರಿನ ಗೆಳೆಯನ ಅಪ್ಪ ನಮಗೆ 5 ಲಕ್ಷ ಕೊಟ್ಟಿದ್ದರು, ಷೇರು ಬಂಡವಾಳವಾಗಿ. ಬ್ಯಾಂಕಿನ ಗ್ಯಾರಂಟಿಗೆ ಸಹಿ ಕೇಳಿದಾಗ, "ದುಡ್ಡು ಬೇಕಾದ್ರೆ ಇನ್ನೂ ಸ್ವಲ್ಪ ಕೊಡ್ತೀನಿ, ಸಹಿ ಮಾತ್ರ ಹಾಕಲ್ಲ" ಅಂದರು. ನಮಗೆ ಆಗ ಕೋಪ ಬಂದಿತ್ತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆಸ್ತಿ ಇದ್ದವರಿಗೆ ಸಹಿಯ ಬೆಲೆ ಗೊತ್ತಿರುತ್ತದೆ. ನಮ್ಮಪ್ಪನಿಗೆ ಸಹಿ ಅಂದರೆ ಮಗನ ಮೇಲಿನ ನಂಬಿಕೆ ಅಷ್ಟೇ.

ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. ಸಣ್ಣ ಉದ್ದಿಮೆಗೆ ಕೊಡುವ 10 ಲಕ್ಷ ರೂ. ವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಅಡಮಾನವಾಗಲಿ, ಮೂರನೆಯವರ ಜಾಮೀನಾಗಲಿ ಇಲ್ಲದೆ ಸಾಲ ಸಿಗಲಿ ಅಂತಲೇ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತರಿ ನಿಧಿ 2000ದಿಂದ ಇದೆ. ಬ್ಯಾಂಕಿಗೆ ನಷ್ಟವಾದರೆ ಅದರ ಬಹುಪಾಲನ್ನು ಆ ನಿಧಿ ತುಂಬಿಕೊಡುತ್ತದೆ. ನಮ್ಮ ಸಾಲವನ್ನು ಅದರಡಿ ಮಾಡಿಕೊಡಿ ಅಂತ ನಾವು ಕೇಳಲೇ ಇಲ್ಲ. ಬ್ಯಾಂಕಿನವರು ಹೇಳಲೂ ಇಲ್ಲ. ಆ ನಿಧಿಯ ಹೆಸರು ನಾನು ಮೊದಲು ಕೇಳಿದ್ದು ಪತ್ರಕರ್ತನಾದ ಮೇಲೆ.

ಕಥೆಯಲ್ಲಿ ಬರದ ಸಂಬಳ

ನಾವೆಲ್ಲ ಕೇಳಿ ಬೆಳೆದ ಕಥೆ ಇನ್ಫೋಸಿಸ್‌ದು. 1981, ಪುಣೆ, ಏಳು ಜನ ಇಂಜಿನಿಯರುಗಳು, 10,000 ರೂಪಾಯಿ. ಆ ಹತ್ತು ಸಾವಿರ ಸುಧಾ ಮೂರ್ತಿಯವರು ಕೂಡಿಟ್ಟ ಹಣ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಥೆಯ ನಿಜವಾದ ಬಂಡವಾಳ ಅದಲ್ಲ. ಅವರು ಸ್ವತಃ ಇಂಜಿನಿಯರ್. ಗಂಡನಿಗೆ ಮೂರು ವರ್ಷ ಕಾಲ ಕೊಟ್ಟು, ಅಷ್ಟು ದಿನ ಮನೆ ತಾನು ನೋಡಿಕೊಳ್ಳುತ್ತೇನೆ ಅಂದಿದ್ದನ್ನು ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ಹತ್ತು ಸಾವಿರಕ್ಕಿಂತ ದೊಡ್ಡದು ಆ ಮೂರು ವರ್ಷ.

ಬೆಂಗಳೂರಿನ ಐಡಿ ಫ್ರೆಶ್ ನೋಡಿ. ವಯನಾಡಿನ ಕೂಲಿ ಕಾರ್ಮಿಕರ ಮಗ, ಆರನೇ ಕ್ಲಾಸಿನಲ್ಲಿ ಫೇಲಾಗಿದ್ದ ಪಿ.ಸಿ. ಮುಸ್ತಫಾ 2005ರಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡಿದರು. ಅವರಿಗೆ ಅಪ್ಪನ ಕಟ್ಟಡ ಇರಲಿಲ್ಲ. ಹಾಗಾಗಿ ತಳಪಾಯ ಅವರೇ ಕಟ್ಟಿಕೊಂಡರು: ಇಂಜಿನಿಯರಿಂಗ್ ಮುಗಿಸಿ, ವಿದೇಶದಲ್ಲಿ ವರ್ಷಗಟ್ಟಲೆ ಸಂಬಳದ ಕೆಲಸ ಮಾಡಿ, ಆಮೇಲೆ ವಾಪಸ್ ಬಂದರು. ಹಿಟ್ಟಿನ ಐಡಿಯಾ ಹುಟ್ಟಿದ್ದು ಆಗಲೇ ನಡೆಯುತ್ತಿದ್ದ ಸಂಬಂಧಿಕರ ಕಿರಾಣಿ ಅಂಗಡಿಯಲ್ಲಿ. ಮೊದಲು ಹಾಕಿದ್ದು ಸಾವಿರಗಳ ಲೆಕ್ಕದ ಬಂಡವಾಳ, ಹಿಟ್ಟು ಖರ್ಚಾಗುವುದನ್ನು ನೋಡಿ ಹೆಚ್ಚಿಸುತ್ತ ಹೋದರು.

ಕ್ಯಾಪ್ಟನ್ ಗೋಪಿನಾಥ್ ಗೊರೂರಿನ ಮೇಷ್ಟರ ಮಗ. ಸೈನ್ಯ ಬಿಟ್ಟು ಬಂದು ಬೇಸಾಯ, ರೇಷ್ಮೆ, ಹೋಟೆಲ್, ಬೈಕ್ ಡೀಲರ್‌ಶಿಪ್ ಎಲ್ಲ ಮಾಡಿ, ಕೊನೆಗೆ ಹೆಲಿಕಾಪ್ಟರಿಗೆ, 2003ರಲ್ಲಿ ಏರ್ ಡೆಕ್ಕನ್ನಿಗೆ ಕೈ ಹಾಕಿದರು. ಅವರ ಸಾಹಸಕ್ಕೆ ನಾನು ಸಲಾಂ ಹೊಡೆಯುತ್ತೇನೆ. ಆದರೆ ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಕುಟುಂಬಕ್ಕೆ ಸಿಕ್ಕ ನೆಲದಲ್ಲಿ ಅವರ ಕಥೆ ಶುರುವಾಗುತ್ತದೆ. ಬರಡು ನೆಲವೇ ಇರಬಹುದು, ಆದರೂ ಅವರ ಹೆಸರಿಗೆ ಅಂತ ನೆಲ ಇತ್ತು.

ಇದನ್ನೆಲ್ಲ ಹೇಳುವುದು ಯಾರನ್ನೂ ಸಣ್ಣವರು ಮಾಡಲಿಕ್ಕಲ್ಲ. ಬೀಳುವ ಮುಂಚೆ ಕೆಳಗೆ ಏನಿದೆ ಅಂತ ನೋಡಿಕೊಂಡವರು ಇವರು. ಕಥೆ ಹೇಳುವವರು ಆ ಭಾಗ ಕತ್ತರಿಸಿ, ಜಿಗಿದದ್ದನ್ನು ಮಾತ್ರ ನಮಗೆ ತೋರಿಸುತ್ತಾರೆ.

'10 ಕೋಟಿಗೆ ಮಾರಾಟ' ಅಂದರೆ ಕೈಗೆ ಎಷ್ಟು?

ಸಾಲ ಬೇಡ, ಹೂಡಿಕೆದಾರರ ಹಣ ತರ್ತೀವಿ ಅನ್ನುವವರು ಈ ಲೆಕ್ಕ ನೋಡಿ. ನೀವು, ನಿಮ್ಮ ಗೆಳತಿ ಸೇರಿ ಕಂಪನಿ ಮಾಡಿದ್ದೀರಿ, ತಲಾ ಶೇ. 50. ಮೊದಲ ಸುತ್ತಿನ ಹೂಡಿಕೆಗೆ ಶೇ. 20 ಕೊಟ್ಟಿರಿ, ನಿಮ್ಮದು 40 ಆಯಿತು. ನೌಕರರಿಗೆ ಷೇರು ಕೊಡಲು ಶೇ. 10 ತೆಗೆದಿಟ್ಟಿರಿ, 36. ಎರಡನೇ ಸುತ್ತಿಗೆ ಮತ್ತೆ ಶೇ. 20, ಈಗ 28.8. ಎರಡೂ ಸುತ್ತಿನಿಂದ ಬಂದ ಹಣ ಒಟ್ಟು 8 ಕೋಟಿ ಅಂದುಕೊಳ್ಳಿ. ಏಳು ವರ್ಷದ ಮೇಲೆ ಕಂಪನಿ 10 ಕೋಟಿಗೆ ಮಾರಾಟವಾಯಿತು. ನಿಮ್ಮ ಪಾಲು 2 ಕೋಟಿ 88 ಲಕ್ಷ ಅಲ್ವಾ?

ಅಲ್ಲ. ಹೂಡಿಕೆ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತ ಒಂದು ಷರತ್ತು ಇರುತ್ತದೆ. ಮಾರಾಟದ ಹಣದಲ್ಲಿ ಹೂಡಿಕೆದಾರರು ತಮ್ಮ ಅಸಲು ಮೊದಲು ತೆಗೆದುಕೊಳ್ಳುತ್ತಾರೆ. 8 ಕೋಟಿ ಅವರಿಗೆ. ಉಳಿದ 2 ಕೋಟಿಯನ್ನು ನೀವಿಬ್ಬರು, ಷೇರಿರುವ ನೌಕರರು ಹಂಚಿಕೊಳ್ಳಬೇಕು. ನಿಮ್ಮ ಕೈಗೆ ಸುಮಾರು 88 ಲಕ್ಷ, ತೆರಿಗೆಗೆ ಮುಂಚೆ. ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹನ್ನೆರಡೂವರೆ ಲಕ್ಷ. ಕೆಟ್ಟದ್ದೇನಲ್ಲ, ಆದರೆ ಸುದ್ದಿಯಲ್ಲಿ ಓದಿದ 10 ಕೋಟಿಯೂ ಅಲ್ಲ. ಇದು ಗೆದ್ದವರ ಲೆಕ್ಕ ಅನ್ನುವುದು ನೆನಪಿರಲಿ. ಹೂಡಿಕೆದಾರರು ಹತ್ತಾರು ಕಂಪನಿಗಳಲ್ಲಿ ಹಣ ಹಾಕಿರುತ್ತಾರೆ. ಒಂದು ಗೆದ್ದರೆ ಉಳಿದವುಗಳ ನಷ್ಟ ತುಂಬುತ್ತದೆ. ನಿಮಗಿರುವುದು ಒಂದೇ ಕಂಪನಿ, ಒಂದೇ ವಯಸ್ಸು.

ಬೀಳುವ ಹಕ್ಕು ಯಾರದು?

ಇದು ನನ್ನೊಬ್ಬನ ಮನೆಯ ಗೋಳಾಗಿದ್ದರೆ ಬರೆಯುತ್ತಿರಲಿಲ್ಲ. ಲಕ್ಷ್ಮಿ ಅಯ್ಯರ್, ತರುಣ್ ಖನ್ನಾ, ಆಶುತೋಷ್ ವಾರ್ಷ್ನಿ ಆರ್ಥಿಕ ಗಣತಿಯ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಧ್ಯಯನದ ಪ್ರಕಾರ, 2005ರಲ್ಲಿ ದೇಶದ ಉದ್ದಿಮೆಗಳ ಪೈಕಿ ಪರಿಶಿಷ್ಟ ಜಾತಿಯವರ ಒಡೆತನದಲ್ಲಿದ್ದದ್ದು ಶೇ. 9.8. ಜನಸಂಖ್ಯೆಯಲ್ಲಿ ಅವರ ಪಾಲು ಶೇ. 16.4. ಇದರಲ್ಲಿ ಬೀದಿ ಬದಿಯ ಚಿಕ್ಕ ಉದ್ದಿಮೆಗಳೂ ಸೇರಿವೆ. ಬುದ್ಧಿಯಾಗಲಿ ಧೈರ್ಯವಾಗಲಿ ಜಾತಿ ನೋಡಿ ಹುಟ್ಟುವುದಿಲ್ಲ. ಸೈಟು, ಬಾಡಿಗೆ ಮನೆ, ಸಾಲ ಕೊಡುವ ಮಾವ, ಮೊದಲ ಗಿರಾಕಿಯಾಗುವ ದೊಡ್ಡಪ್ಪ, ಇವೆಲ್ಲ ಜಾತಿ ನೋಡಿಯೇ ಬಂದಿವೆ.

ಈ ಕೊರತೆ ತುಂಬಲು ಯೋಜನೆಗಳಿಲ್ಲವೇ? ಇವೆ. ಸ್ಟಾರ್ಟಪ್ ಇಂಡಿಯಾ 2016ರ ಜನವರಿಯಲ್ಲಿ ಶುರುವಾಯಿತು. ಪರಿಶಿಷ್ಟರಿಗೆ, ಮಹಿಳೆಯರಿಗೆ 10 ಲಕ್ಷದಿಂದ 1 ಕೋಟಿ ರೂ. ವರೆಗೆ ಸಾಲ ಕೊಡಿಸುತ್ತಿದ್ದ ಸ್ಟ್ಯಾಂಡ್ ಅಪ್ ಇಂಡಿಯಾ ಅದೇ ವರ್ಷ ಏಪ್ರಿಲ್‌ನಲ್ಲಿ ಬಂತು. ಇನ್‌ಕ್ಯುಬೇಟರುಗಳ ಮೂಲಕ 20 ಲಕ್ಷದವರೆಗೆ ಅನುದಾನ ಕೊಡಲು ಸೀಡ್ ಫಂಡ್ ಯೋಜನೆ 2021ರಲ್ಲಿ ಬಂತು. ಕರ್ನಾಟಕ ಸರ್ಕಾರದ ಎಲಿವೇಟ್ 2017ರಿಂದ 50 ಲಕ್ಷದವರೆಗೆ ಅನುದಾನ ಕೊಡುತ್ತಿದೆ, ಬದಲಿಗೆ ಷೇರು ಕೇಳುವುದಿಲ್ಲ. ಒಳ್ಳೆಯವೇ. ಆದರೆ ಇವುಗಳಲ್ಲಿ ಹೆಚ್ಚಿನವು ಕಂಪನಿಯ ಹೊಟ್ಟೆ ನೋಡುತ್ತವೆ, ಮನುಷ್ಯನ ಹೊಟ್ಟೆ ನೋಡುವುದಿಲ್ಲ. ಮಾದರಿ ತಯಾರಿಸಲು ದುಡ್ಡಿದೆ, ಅದು ತಯಾರಾಗುವ ತನಕ ಊರಿಗೆ ಕಳಿಸಲು ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಇಐಆರ್ ಫೆಲೋಶಿಪ್ ಮಾತ್ರ ಇದನ್ನು ಅರ್ಥ ಮಾಡಿಕೊಂಡಂತಿದೆ: ಆಯ್ಕೆಯಾದವರಿಗೆ ತಿಂಗಳಿಗೆ ಗರಿಷ್ಠ 30,000 ರೂ. ಜೀವನಕ್ಕೆ ಕೊಡುತ್ತದೆ. ಅಂಥದ್ದು ತಾಲೂಕಿಗೆ ಹತ್ತು ಜನಕ್ಕೆ ಸಿಗುವಂತಾದರೆ ಕಥೆಯೇ ಬೇರೆ.

ಈಗ ನಮ್ಮ ರಾಜ್ಯದ 'ಬಿಟ್ಟಿ ಭಾಗ್ಯ' ಜಗಳಕ್ಕೆ ಬನ್ನಿ. ಮನೆಯ ಯಜಮಾನಿಗೆ ತಿಂಗಳಿಗೆ 2,000, ನಿರುದ್ಯೋಗಿ ಪದವೀಧರನಿಗೆ ಎರಡು ವರ್ಷದವರೆಗೆ 3,000 ರೂ. ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅನ್ನುವವರು, ಅಪ್ಪನ ಕಟ್ಟಡದ ಬಾಡಿಗೆ ತಿಂದು ಕಂಪನಿ ಮಾಡಿದವನನ್ನು ಸಾಹಸಿ ಅನ್ನುತ್ತಾರೆ. ಎರಡೂ ಮಾಡುವ ಕೆಲಸ ಒಂದೇ, ತಿಂಗಳ ಕೊನೆಯ ಭಯ ಕಡಿಮೆ ಮಾಡುವುದು. ಭಯ ಕಡಿಮೆಯಾದವನೇ ಹೊಸದಕ್ಕೆ ಕೈ ಹಾಕುವುದು. 2,000 ರೂಪಾಯಿಯಲ್ಲಿ ಯಾರೂ ಕಂಪನಿ ಕಟ್ಟಲ್ಲ, ಒಪ್ಪೋಣ. ಆದರೆ ಅಮ್ಮನ ಔಷಧಿ, ಮನೆಯ ಗ್ಯಾಸು ನಿಲ್ಲುವುದಿಲ್ಲ ಅನ್ನುವ ಖಾತ್ರಿ ಇದ್ದರೆ ಮಗಳು ಕೆಲಸ ಹುಡುಕುವುದನ್ನು ಆರು ತಿಂಗಳು ಮುಂದಕ್ಕೆ ಹಾಕಬಹುದು. ಸಾಮಾಜಿಕ ಭದ್ರತೆಯನ್ನು ದಾನ ಅಂತ ನೋಡುವುದನ್ನು ಬಿಟ್ಟು, ರಿಸ್ಕ್ ತಗೊಳ್ಳುವ ಹಕ್ಕಿನ ಬಂಡವಾಳ ಅಂತ ನೋಡಿ.

ಇನ್ನೊಂದು ಮಾತು. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಶುರುವಾದಾಗ ಮೊದಲ ಸಾಲದ ಮೊತ್ತ ಎಷ್ಟಿತ್ತು ಗೊತ್ತಾ? 10,000 ರೂಪಾಯಿ. 1981ರಲ್ಲಿ ಇನ್ಫೋಸಿಸ್ ಶುರುವಾದಷ್ಟೇ, 39 ವರ್ಷದ ಬೆಲೆ ಏರಿಕೆ ಆದ ಮೇಲೆ. ಅದನ್ನು ತಗೊಂಡು ದಿನಾ ಬೆಳಗ್ಗೆ ಮಾಲು ತಂದು, ಮಳೆ ಬಂದರೆ ನಷ್ಟ ತಿನ್ನುವ ಹೂವಿನವರಿಗಿಂತ ದೊಡ್ಡ ರಿಸ್ಕ್ ನಾವ್ಯಾರೂ ತಗೊಂಡಿಲ್ಲ. ಅವರನ್ನು ಯಾರೂ ಫೌಂಡರ್ ಅನ್ನುವುದಿಲ್ಲ.

ಹಾಗಾದ್ರೆ ಏನ್ ಮಾಡ್ಲಿ ಅಣ್ಣಾ?

ಕೆಳಗೆ ನೆಲ ಇಲ್ಲದವರು ಸ್ಟಾರ್ಟಪ್ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಬೇರೆ ರೀತಿ ಮಾಡಬೇಕು.

ಕಂಪನಿಯ ರನ್‌ವೇ ಲೆಕ್ಕ ಎಲ್ಲರೂ ಹಾಕುತ್ತಾರೆ: ಕೈಯಲ್ಲಿರುವ ದುಡ್ಡು, ಭಾಗಿಸು ತಿಂಗಳ ಖರ್ಚು. ಅದರ ಪಕ್ಕದಲ್ಲಿ ಮನೆಯ ರನ್‌ವೇಯನ್ನೂ ಬರೆಯಿರಿ. ನಿಮ್ಮ ಸಂಬಳ ಇಲ್ಲದೆ ಮನೆ ಎಷ್ಟು ತಿಂಗಳು ನಡೆಯುತ್ತೆ? ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಿಜವಾದ ರನ್‌ವೇ. ಮನೆಯದು ಸೊನ್ನೆ ಇದ್ದರೆ ಮೂರೂವರೆ ಲಕ್ಷದ ಕೆಲಸಕ್ಕೆ ಸೇರಿ. ಅದು ಹೇಡಿತನ ಅಲ್ಲ, ಮುಸ್ತಫಾ ಹಿಡಿದ ದಾರಿ. ಆದರೆ ನೀವು ಮಾಡಬೇಕೆಂದಿರುವ ಕೆಲಸಕ್ಕೂ ನಿಮ್ಮ ಆಫರ್ ಲೆಟರಿಗೂ ಜಗಳ ಬರದಂತೆ ಅದರ ಷರತ್ತುಗಳನ್ನು ಪೂರ್ತಿ ಓದಿ.

ಸಾಲ ತಗೊಳ್ಳುವುದಾದರೆ ಬ್ಯಾಂಕಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, "ಇದು ಸಿಜಿಟಿಎಂಎಸ್‌ಇ ಅಡಿ ಬರುತ್ತಾ?" ಇಲ್ಲ ಅಂದರೆ ಯಾಕಿಲ್ಲ ಅಂತ ಬರಹದಲ್ಲಿ ಕೇಳಿ. ಅಪ್ಪ-ಅಮ್ಮನ ಸಹಿ ಕೊನೆಯ ದಾರಿ, ಮೊದಲನೆಯದಲ್ಲ. ಹಾಕಿಸಲೇಬೇಕಾದರೆ ಸೋತರೆ ಎಷ್ಟು ಕಟ್ಟಬೇಕಾಗುತ್ತೆ ಅಂತ ಅವರಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ಪೆನ್ನು ಕೊಡಿ.

ಗೆಳೆಯರ ಜೊತೆ ಕಾಗದ ಮಾಡಿಕೊಳ್ಳಿ. ಯಾರಿಗೆ ಎಷ್ಟು ಷೇರು, ಮಧ್ಯದಲ್ಲಿ ಬಿಟ್ಟು ಹೋದರೆ ಎಷ್ಟು ಉಳಿಯುತ್ತೆ, ಸಾಲ ಬಿದ್ದರೆ ಯಾರ್ಯಾರು ಎಷ್ಟೆಷ್ಟು ಹೊರಬೇಕು. ನಮ್ಮಲ್ಲಿ ಇದರ ಬಗ್ಗೆ ಮಾತೇ ಆಗಿರಲಿಲ್ಲ. ಗೆಳೆಯರಲ್ಲವಾ, ಕೇಳೋದು ಹೇಗೆ?

ಮುಚ್ಚುವ ದಿನ ಬಂದರೆ ಸರಿಯಾಗಿ ಮುಚ್ಚಿ. ಎಷ್ಟೋ ಹುಡುಗರು ಕಂಪನಿಯನ್ನು ಹಾಗೇ ಬಿಟ್ಟು ಹೋಗುತ್ತಾರೆ. ಸತತ ಮೂರು ವರ್ಷ ವಾರ್ಷಿಕ ಲೆಕ್ಕ ಸಲ್ಲಿಸದಿದ್ದರೆ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಐದು ವರ್ಷ ಬೇರೆ ಕಂಪನಿಗೆ ನಿರ್ದೇಶಕರಾಗುವಂತಿಲ್ಲ. ಎರಡನೇ ಐಡಿಯಾ ಹೊಳೆಯುವ ಹೊತ್ತಿಗೆ ಬಾಗಿಲು ಹಾಕಿರುತ್ತೆ. ವ್ಯವಹಾರ ನಿಂತು ಎರಡು ವರ್ಷವಾದ ಕಂಪನಿಯನ್ನು ಬಾಕಿ ತೀರಿಸಿ ಎಸ್‌ಟಿಕೆ-2 ಅರ್ಜಿ ಹಾಕಿ ರದ್ದು ಮಾಡಿಸಬಹುದು, ಶುಲ್ಕ 10,000 ರೂ. ನೌಕರರ ಪಿಎಫ್, ಟಿಡಿಎಸ್ ಹಿಡಿದುಕೊಂಡು ಕಟ್ಟದೆ ಮಾತ್ರ ಇರಬೇಡಿ. ಅದು ನೇರವಾಗಿ ನಿಮ್ಮ ಕುತ್ತಿಗೆಗೆ ಬರುತ್ತದೆ.

ಕೊನೆಯದಾಗಿ, ವೇದಿಕೆ ಸಿಕ್ಕಾಗ ಪೂರ್ತಿ ಕಥೆ ಹೇಳಿ. ಯಾರ ಸಂಬಳದ ಮೇಲೆ ನಿಂತು ಜಿಗಿದಿರಿ ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ಅಂಥ ಸಂಬಳ ಇಲ್ಲದ ಮನೆಯ ಹುಡುಗಿ ಕೊರತೆ ತನ್ನ ಧೈರ್ಯದಲ್ಲೇ ಇದೆ ಅಂದುಕೊಳ್ಳುತ್ತಾಳೆ.

ಇದನ್ನು ಬರೆಯುವ ಮುಂಚೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ನಿನ್ನ ವಿಷಯ ಬರೀಲಾ ಅಂತ. ಮಕ್ಕಳ ಬಿಸಿಯೂಟದ ಗಲಾಟೆ ಕೇಳಿಸುತ್ತಿತ್ತು. "ಬರಿ. ಆದ್ರೆ ತ್ಯಾಗ ಗೀಗ ಅಂತ ಬರೀಬೇಡ" ಅಂದಳು. "ಎರಡು ಲಕ್ಷದ ಎಪ್ಪತ್ತು ಸಾವಿರ ಅಂತ ಬರಿ."